ತಮ್ಮನ ತುಕ್ಕು ಹಿಡಿಯದ ಕಬ್ಬಿಣ

ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿಗೆ ಮಾನ ಮರ್ಯಾದೆ ಇಲ್ಲ. ಪರಶುರಾಂಪುರದ ಆಚೆಗಿರುವ ನಮ್ಮ ಹಟ್ಟಿಗೆ ಅಡ್ಡ ನಿಲ್ಲಲು ಒಂದು ಗುಡ್ಡವಿಲ್ಲ, ಒಂದು ತೋಪಿಲ್ಲ. ಸೆರಗು ಹಿಡಿದರೆ ಕೊಡ ಜಾರುತ್ತದೆ, ಕೊಡ ಹಿಡಿದರೆ ಸೆರಗು ಹಾರುತ್ತದೆ. ಅಂಥದೊಂದು ಬೆಳಿಗ್ಗೆ ನಾನು ಅಂಗನವಾಡಿಯ ಬೀಗ ತೆಗೆಯುತ್ತಿದ್ದೆ. ತವರುಮನೆಯ ಕಡೆಯಿಂದ ತಗಡು ಅಪ್ಪಳಿಸಿದ ಸದ್ದು ಬಂತು, ಅದರ ಹಿಂದೆಯೇ ಕುರಿಗಳ ಅರಚಾಟ. ಹುಟ್ಟಿದ ಊರಿಗೇ ಸೊಸೆಯಾದವಳು ನಾನು, ತವರು ಎರಡು ಓಣಿಯ ಆಚೆ. ಬೀಗವನ್ನು ಕೈಯಲ್ಲೇ ಹಿಡಿದುಕೊಂಡು ಓಡಿದೆ.

ಕುರಿ ಕೂಡುವ ರೊಪ್ಪದ ಚಪ್ಪರ ಒಂದು ಮೂಲೆಗೆ ಕುಸಿದಿತ್ತು. ಗಾಳಿಗೆ ತಗಡು ಎದ್ದೆದ್ದು ಬೀಳುತ್ತಿತ್ತು. ಅವ್ವ ಅದರ ಅಡಿಯಲ್ಲೇ ಕೂತಿದ್ದಳು.

"ಅವ್ವಾ, ಹೊರಗೆ ಬಾರೇ!" ಎಂದು ಕಿರುಚಿದೆ.

"ತಡಿಯೇ, ಕುರಿ ಈಯ್ತಾ ಐತೆ," ಎಂದಳು.

ನೋಡಿ, ತಲೆಯ ಮೇಲೆ ಸಾವು ಜೋಲುತ್ತಿದೆ, ಈಕೆಗೆ ಕುರಿಯ ಬಾಣಂತನ! ಒಳಗೆ ನುಗ್ಗಿ ಅವಳನ್ನೂ ಕುರಿಯನ್ನೂ ಎಳೆದುಕೊಂಡು ಬಂದೆ. ಹೊರಗೆ ಬಂದ ಮೇಲೆ ಸಿಟ್ಟು ಬಂತು. ನನಗೆ ಯಾವ ಭಯವೂ ಕೊನೆಗೆ ಸಿಟ್ಟಾಗಿಯೇ ಹೊರಬರುತ್ತದೆ, ಏನು ಮಾಡಲಿ. ಅವ್ವನಿಗೆ ಬಾಯಿಗೆ ಬಂದಂತೆ ಬೈದೆ. ಅವಳು ಕುರಿಯ ಹೊಟ್ಟೆ ಸವರುತ್ತಾ ಕೂತಳು.

ಆ ಚಪ್ಪರ ಕಟ್ಟಿದ್ದು ನನ್ನ ತಮ್ಮ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಸಾಲಿನ ಕೊನೆಗೆ ಅವನದೊಂದು ಕಬ್ಬಿಣದ ಕೆಲಸದ ಅಂಗಡಿ. ಗೇಟು, ಕಿಟಕಿ ಮಾಡುತ್ತಿದ್ದವನು ಅಪ್ಪ ತೀರಿಕೊಂಡ ವರ್ಷ ಅಂಗಡಿ ತೆರೆದ. ಮೊದಲ ದೊಡ್ಡ ಕೆಲಸ ನಮ್ಮ ಊರಿನದೇ. ಒಂದೇ ಟ್ರ್ಯಾಕ್ಟರಿನಲ್ಲಿ ಕಂಬ ನಿಲ್ಲಿಸುವ ಜಿಐ ಆಂಗಲ್ಲುಗಳನ್ನು ಹೇರಿಕೊಂಡು ಬಂದಿದ್ದ. ಅರ್ಧದಲ್ಲಿ ಊರಿನ ನಡುವೆ ಕುಡಿಯುವ ನೀರಿನ ಟ್ಯಾಂಕಿಗೆ ಎತ್ತರದ ಸ್ಟ್ಯಾಂಡು ನಿಲ್ಲಿಸಿದ. ಉಳಿದರ್ಧದಲ್ಲಿ ಅವ್ವನ ಕುರಿಗಳಿಗೆ ನೆರಳು.

ಆಗ ಅವನ ಗತ್ತು ನೋಡಬೇಕಿತ್ತು. ಜಿಐ ಅಂದರೆ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದಿರುತ್ತಾರೆ, ಮಳೆ ಬಿಸಿಲು ಅದರ ಮೈಗೆ ತಾಗುವುದಿಲ್ಲ ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ವೆಲ್ಡಿಂಗ್ ಹೊಡೆದರೆ ಸತು ಸುಟ್ಟುಹೋಗುತ್ತದೆಂದು ಎಲ್ಲವನ್ನೂ ನಟ್ಟುಬೋಲ್ಟು ಹಾಕಿಯೇ ಬಿಗಿದಿದ್ದ. "ಅಕ್ಕಾ, ನಿನ್ನ ಮೊಮ್ಮಕ್ಕಳು ಮುದುಕರಾದ್ರೂ ಇದು ಹಿಂಗೇ ಇರ್ತೈತೆ" ಎಂದಿದ್ದ. ನನಗಿನ್ನೂ ಒಂದೂ ಮಗುವಿರಲಿಲ್ಲ, ಮೊಮ್ಮಕ್ಕಳಂತೆ!

ಅದಾಗಿ ಐದಾರು ವರ್ಷಕ್ಕೆ ಚಪ್ಪರದ ಕಾಲು ನೆಲಮಟ್ಟಕ್ಕೆ ಮುರಿದು ಬಿದ್ದಿತ್ತು. ಮುರಿದ ಜಾಗ ಹಳೇ ರೊಟ್ಟಿಯಂತೆ ಪದರ ಪದರ ಕಿತ್ತು ಬರುತ್ತಿತ್ತು. ಅದರ ಮೇಲಕ್ಕೆ ಮಾತ್ರ ಬೂದುಬಣ್ಣದ ಮೈ ಹಾಗೇ ಇತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಷ್ಟರಲ್ಲಿ ಜನ ಸೇರಿದರು, ಊರ ಯಜಮಾನನೂ ಬಂದ. ಅವನು ನಮ್ಮಪ್ಪನ ಅಣ್ಣ, ನನಗೆ ದೊಡ್ಡಪ್ಪ, ಅವ್ವನಿಗೆ ಭಾವ. ಮುರಿದ ತುಂಡನ್ನು ಕೋಲಿನಿಂದ ಕೆದಕಿ ನೋಡಿದ.

"ಬರೀ ಕರಿ ಕಬ್ಬಿಣ ತಂದು ಸಿಲ್ವರ್ ಪೇಂಟ್ ಬಳಿದವ್ನೆ ನಿನ್ನ ತಮ್ಮ," ಎಂದ. "ಹೆತ್ತ ತಾಯಿಗೇ ಹಿಂಗೆ ಮಾಡಿದವ ಊರಿಗೆ ಬಿಟ್ಟಾನಾ?"

"ಬಾಯಿ ಬಿಗಿ ಹಿಡಿದು ಮಾತಾಡ್ರಿ ದೊಡ್ಡಪ್ಪ!" ಎಂದೆ. ಹೇಳಿದೆನೇ ಹೊರತು ನನಗೂ ಅನುಮಾನ ಹತ್ತಿತ್ತು. ಅವನ ಕೊನೆಯ ಮಾತಿಗೆ ಎಲ್ಲರೂ ಒಟ್ಟಿಗೆ ಊರಿನ ನಡುವಿನ ಕಡೆ ತಿರುಗಿದ್ದರು. ಮನೆಗಳ ಮೇಲಿಂದ ಟ್ಯಾಂಕಿನ ಕರಿ ತಲೆ ಕಾಣುತ್ತಿತ್ತು. ಬೆಳಿಗ್ಗೆಯಷ್ಟೇ ಕರೆಂಟು ಬಂದು ಟ್ಯಾಂಕು ತುಂಬಿತ್ತು. ತುಂಬಿದ ಹೊತ್ತಿನಲ್ಲಿ ಹೆಂಗಸರೆಲ್ಲ ಅದರ ಕೆಳಗಿನ ನಲ್ಲಿಯ ಹತ್ತಿರವೇ ಇರುತ್ತಾರೆ. ನನ್ನ ಅಂಗನವಾಡಿಗೆ ಬರುವ ಮಕ್ಕಳೂ ತಾಯಂದಿರ ಸೆರಗು ಹಿಡಿದು ಅಲ್ಲೇ ಕುಣಿಯುತ್ತಿರುತ್ತವೆ.

ಒಂದೇ ಟ್ರ್ಯಾಕ್ಟರಿನಲ್ಲಿ ಬಂದ ಆಂಗಲ್ಲು.

ಬಿಸಿತುಪ್ಪ ಅಂದರೆ ಇದೇ, ನುಂಗುವಂತಿಲ್ಲ, ಉಗುಳುವಂತಿಲ್ಲ. "ಟ್ಯಾಂಕು ಬೀಳುತ್ತೆ, ಎದ್ದೇಳಿ" ಎಂದು ನಾನೇ ಕೂಗಿದರೆ ನನ್ನ ತಮ್ಮ ಕಳ್ಳ ಎಂದು ನಾನೇ ಡಂಗುರ ಸಾರಿದಂತೆ. ಅಂಗಡಿ ಅವತ್ತೇ ಮುಚ್ಚಿತೆಂದು ಲೆಕ್ಕ. ಅದರ ಮೇಲೆ ಅವತ್ತೇ ಅವನು ಮೊಳಕಾಲ್ಮೂರಿನ ಒಬ್ಬ ಗಿರಾಕಿಯನ್ನು ಕರೆತರುವವನಿದ್ದ. ಆ ಮನುಷ್ಯನಿಗೆ ರೇಷ್ಮೆ ಸೀರೆ ನೇಯಿಸುವ ಕಸುಬು, ನೂಲಿಗೆ ಬಣ್ಣ ಹಾಕುವ ಅಂಗಳಕ್ಕೆಲ್ಲ ಚಪ್ಪರ ಬೇಕಿತ್ತಂತೆ. ಹಿಂದೆ ಕಟ್ಟಿದ ಕೆಲಸವನ್ನು ಕಣ್ಣಾರೆ ಕಂಡೇ ಒಪ್ಪಿಸುತ್ತೇನೆ ಎಂದಿದ್ದನಂತೆ. ಕೂಗದೆ ಇದ್ದರೆ? ಕೂಗದೆ ಇದ್ದು ಟ್ಯಾಂಕು ಬಿದ್ದರೆ?

ಓಡಿದೆ. "ಏಳ್ರೇ, ಏಳ್ರೇ ಅಲ್ಲಿಂದ! ಟ್ಯಾಂಕಿನ ಕಾಲು ನಂಬೋ ಹಂಗಿಲ್ಲ!"

ಒಬ್ಬಳಾದರೂ ಅಲುಗಬೇಕಲ್ಲ! "ಸರದಿ ಬಿಟ್ಟು ಎಲ್ಲಿಗೆ ಏಳಾನ? ಮತ್ತೆ ಕರೆಂಟು ಯಾವಾಗ ಬರ್ತೈತೋ," ಎಂದಳು ಒಬ್ಬಳು. ಇನ್ನೊಬ್ಬಳು, "ನಿನ್ನ ಕೊಡ ಮುಂದಕ್ಕೆ ಇಡಾಕೆ ಆಟ ಕಟ್ಟೀಯೇನೇ?" ಎಂದು ನಕ್ಕಳು. ಗಾಳಿಗೆ ಮೇಲಿನ ಪೈಪು ಕಿರ್ ಎಂದಿತು. ಅದು ಯಾವತ್ತೂ ಕಿರ್ ಎನ್ನುವ ಪೈಪೇ, ಅವತ್ತು ಮಾತ್ರ ನನಗೆ ಕಾಲು ಮುರಿದಂತೆ ಕೇಳಿಸಿತು.

ಮಾತಿಗೆ ಬಗ್ಗದವರಿಗೆ ನನ್ನ ಹತ್ತಿರ ಬೇರೆ ಮದ್ದಿತ್ತು. ಸಾಲಿನ ಮೊದಲ ಕೊಡವನ್ನು ಕಾಲಿನಿಂದ ಒದ್ದೆ. ಎರಡನೆಯದನ್ನೂ ಒದ್ದೆ. ಪ್ಲಾಸ್ಟಿಕ್ ಕೊಡಗಳು, ಆ ಗಾಳಿಗೆ ನಾಯಿ ಅಟ್ಟಿಸಿಕೊಂಡು ಬಂದಂತೆ ಉರುಳಿಕೊಂಡು ಹೋದವು. "ಅಯ್ಯೋ, ನಿನ್ನ ಕೈ ಸೇದಿಹೋಗ!" ಎಂದು ಬೈಯುತ್ತಾ ಹೆಂಗಸರು ಅವುಗಳ ಹಿಂದೆ ಓಡಿದರು, ಮಕ್ಕಳು ತಾಯಂದಿರ ಹಿಂದೆ ಓಡಿದವು. ಎಲ್ಲ ಕೊಡಗಳನ್ನೂ ಓಡಿಸಿದೆ. ಒದ್ದದ್ದು ಕಾಲಾದರೂ ಶಾಪ ಕೈಗೆ ಬಿತ್ತು, ಬೀಳಲಿ. ಟ್ಯಾಂಕಿನ ಅಡಿ ಖಾಲಿಯಾಯಿತು.

ಅದೇ ಹೊತ್ತಿಗೆ ತಮ್ಮನ ಮೊಪೆಡ್ ಬಂದು ನಿಂತಿತು. ಹಿಂದೆ ಮೊಳಕಾಲ್ಮೂರಿನ ಗಿರಾಕಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಇಡೀ ಊರು ಬೀದಿಗೆ ಬಂದಿದ್ದನ್ನು ಕಂಡು ತಮ್ಮ ಹೆದರಿದ.

"ಏನಾತಕ್ಕ? ಅವ್ವ ಎಲ್ಲಿ?"

ಸುತ್ತಿ ಬಳಸಿ ಹೇಳುವಷ್ಟು ವ್ಯವಧಾನ ನನಗಿರಲಿಲ್ಲ. "ರೊಪ್ಪದ ಕಾಲು ಮುರೀತು. ಅವ್ವ ಬದುಕವಳೆ. ನಿಜ ಹೇಳು, ಅದು ಜಿಐ ಹೌದೋ ಅಲ್ಲೋ?"

ಅವನ ಮುಖ ನೋಡಬಾರದಿತ್ತು. ಸ್ವಂತ ಅಕ್ಕನೇ ಕೇಳಿದಳಲ್ಲ ಎಂಬ ನೋವು ಅದರಲ್ಲಿ ಅಷ್ಟು ದೊಡ್ಡದಾಗಿತ್ತು. ನೇರ ರೊಪ್ಪದ ಕಡೆ ನಡೆದ. ಹಿಂದಿನಿಂದ ಗಿರಾಕಿ, "ಏಮಪ್ಪಾ, ಇದೇನಾ ನೀನು ತೋರಿಸ್ತೀನಿ ಅಂದ ಕೆಲಸ?" ಎಂದದ್ದಕ್ಕೂ ತಿರುಗಲಿಲ್ಲ.

ರೊಪ್ಪದಲ್ಲಿ ಹಾರೆ ತೆಗೆದುಕೊಂಡು ಮುರಿದ ಕಾಲಿನ ಬುಡ ಅಗೆದ. ಊರೆಲ್ಲ ಸುತ್ತ ನಿಂತಿತ್ತು. ಮೊದಲು ಕುರಿಗೊಬ್ಬರ, ಆಮೇಲೆ ಬೂದಿ, ಅದರ ಕೆಳಗೆ ಗಟ್ಟಿಯಾಗಿ ಕೂತ ಬೆಳ್ಳಗಿನ ಹೆಪ್ಪು. ತಮ್ಮ ಅದರ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ಥೂ ಎಂದು ಉಗಿದ.

"ಉಪ್ಪು! ಯಾರು ಹಾಕಿದ್ದು ಇಲ್ಲಿ?"

"ನಾನೇ ಕಣಪ್ಪ," ಎಂದಳು ಅವ್ವ. "ನೀನು ಉಣ್ಣಾಕೆ ಹೋದಾಗ ಹಾಕಿದೆ. ಮೇಲೆ ಬೂದಿ ಮುಚ್ಚಿದೆ. ಗೆದ್ದಲು ಹತ್ತಬಾರದು ಅಂತ."

ನಮ್ಮ ಕಡೆ ಕಂಬ ನೆಡುವವರೆಲ್ಲ ಮಾಡುವುದು ಅದನ್ನೇ. ಕೆಂಪು ನೆಲದಲ್ಲಿ ಗೆದ್ದಲು ಯಾವ ಮರವನ್ನೂ ಬಿಡುವುದಿಲ್ಲ. ಜಾಲಿ ಕಂಬವಿರಲಿ, ಬೇವಿರಲಿ, ಗುಂಡಿಗೆ ಕಲ್ಲುಪ್ಪು ಸುರಿದು ಬೂದಿ ಹಾಕಿಯೇ ನೆಡಬೇಕು. ಅಪ್ಪ ಬದುಕಿರುವಷ್ಟು ಕಾಲ ಹಾಗೇ ನೆಟ್ಟ, ಅವ್ವ ಪಕ್ಕದಲ್ಲಿ ಉಪ್ಪಿನ ಪುಟ್ಟಿ ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಇಲ್ಲದ ಮೇಲೆ ಮನೆಯಲ್ಲಿ ಮಗ ನೆಟ್ಟ ಮೊದಲ ಕಂಬಕ್ಕೆ ಉಪ್ಪು ಹಾಕದೆ ಇರುತ್ತಾಳೆಯೇ? ಅದು ಕಬ್ಬಿಣವಾದರೇನು, ಕಂಬ ಕಂಬವೇ.

"ಅವ್ವಾ," ಎಂದ ತಮ್ಮ, "ಕಬ್ಬಿಣಕ್ಕೆ ಗೆದ್ದಲು ಹತ್ತಲ್ಲ. ಉಪ್ಪೇ ಗೆದ್ದಲು ಅದಕ್ಕೆ. ಮೇಲಿನ ಸತುವನ್ನೇ ತಿಂದುಹಾಕ್ತೈತೆ. ಅದರ ಮೇಲೆ ಕುರಿ ಗಂಜಳ ಬೇರೆ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಅರೆಗಳಿಗೆ ಜೀವ ಬಂದಂತಾಯಿತು. ತಮ್ಮ ಕಳ್ಳನಲ್ಲ! ಆದರೆ ಅವನ ಮುಖ ಇನ್ನೂ ಬಿಳಿಚಿಕೊಂಡೇ ಇತ್ತು. ಅವನು ಮುಂದಿನ ಪ್ರಶ್ನೆ ಕೇಳುವ ಮೊದಲೇ ಯಾಕೆಂದು ನನಗೆ ಹೊಳೆಯಿತು.

"ಅವ್ವಾ, ಟ್ಯಾಂಕಿನ ಗುಂಡಿಗೂ ಹಾಕಿದ್ಯಾ?"

ಗಾಳಿ ತಗಡನ್ನು ಬಡಿಯುತ್ತಿತ್ತು. ಎಲ್ಲರೂ ಅವ್ವನ ಬಾಯಿಯನ್ನೇ ನೋಡುತ್ತಿದ್ದರು. ಅವಳು ನೋಡುತ್ತಿದ್ದದ್ದು ದೊಡ್ಡಪ್ಪನನ್ನು.

"ಹೇಳಮ್ಮಾ! ಊರಿನ ಜೀವದ ಪ್ರಶ್ನೆ ಐತೆ," ಎಂದು ದೊಡ್ಡಪ್ಪ ಗದರಿದ. "ಹಾಕೀಯೋ ಇಲ್ವೋ?"

"ಹಾಕಾಕೆ ಬಂದಿದ್ದೆ ಭಾವ," ಎಂದಳು ಅವ್ವ. ದನಿ ಏರಲಿಲ್ಲ. "ಮಡಿಲು ತುಂಬ ಉಪ್ಪು ಕಟ್ಕೊಂಡು ಬಂದಿದ್ದೆ. ಮಗನ ಮೊದಲನೇ ಕೆಲಸ, ನಾಲ್ಕೂ ಕಾಲು ಗಟ್ಟಿ ನಿಲ್ಲಲಿ ಅಂತ. ನೀವು ಗುಂಡಿಗೆ ಪೂಜೆ ಮಾಡ್ತಿದ್ರಿ. ಗಂಡ ಸತ್ತೋಳು ಗುಂಡಿ ಹತ್ರ ಬರಬ್ಯಾಡ, ಊರಿಗೆ ನೀರು ಬರೋ ಕೆಲಸ, ಅಪಶಕುನ ಆಗ್ತೈತೆ ಅಂದ್ರಿ. ಎಲ್ಲರ ಮುಂದೆ ಅಂದ್ರಿ. ಅಲ್ಲಿಂದಲೇ ವಾಪಸ್ ಬಂದೆ. ಆ ಉಪ್ಪೂ ಸೇರಿಸಿ ಇಲ್ಲಿಗೇ ಸುರಿದೆ."

ನನಗೆ ಆ ದಿನ ನೆನಪಾಯಿತು. ಮಡಿಲಲ್ಲಿ ಏನನ್ನೋ ಕಟ್ಟಿಕೊಂಡು ಅವ್ವ ಅಂಗನವಾಡಿಯ ಮುಂದೆ ತಲೆ ತಗ್ಗಿಸಿ ಹಾದುಹೋಗಿದ್ದಳು. ಕರೆದರೂ ನಿಂತಿರಲಿಲ್ಲ. ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದೇ ನಲ್ಲಿಯ ನೀರು ತಂದು ಅಡಿಗೆ ಮಾಡಿದ್ದಳು. ದೊಡ್ಡಪ್ಪನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು, ನಿಜವಾಗಿಯೂ ಹಿಡಿಯುತ್ತಿದ್ದೆ. ಅಷ್ಟರಲ್ಲಿ ತಮ್ಮ ಹಾರೆ ಎತ್ತಿಕೊಂಡು ಟ್ಯಾಂಕಿನ ಕಡೆ ಹೊರಟಿದ್ದ.

ಅವ್ವನ ಮಾತನ್ನು ಅವನು ನಂಬಲಿಲ್ಲವೆಂದಲ್ಲ. ಬೇರೆ ಯಾರಾದರೂ ಹಾಕಿದ್ದರೆ? ನಮ್ಮೂರಲ್ಲಿ ಉಪ್ಪಿಗೇನು ಬರವೇ. ಎಲ್ಲರನ್ನೂ ದೂರ ನಿಲ್ಲಿಸಿ ಒಬ್ಬನೇ ಆ ತುಂಬಿದ ಟ್ಯಾಂಕಿನ ಅಡಿಗೆ ಹೋಗಿ ಕೂತ. ಮೊದಲ ಕಾಲಿನ ಬುಡ ಬಿಡಿಸಿದ, ಕಾಂಕ್ರೀಟು ಕಾಣುವವರೆಗೂ ಮಣ್ಣು ಎಳೆದ. ಬಟ್ಟೆಯಿಂದ ಒರೆಸಿ, ಉಗುರಿನಿಂದ ಕೆರೆದು ನೋಡಿದ. ಆಮೇಲೆ ಎರಡನೆಯದು. ಮೂರನೆಯದು. ಮೇಲೆ ಪೈಪು ಕಿರ್ ಎನ್ನುತ್ತಲೇ ಇತ್ತು. ನಾನು ಆ ಬೀಗವನ್ನು ಇನ್ನೂ ಬಿಟ್ಟಿರಲಿಲ್ಲ, ಅದರ ಅಂಚು ಅಂಗೈಯಲ್ಲಿ ಕೂತುಬಿಟ್ಟಿತ್ತು. ಗೌರಸಮುದ್ರದ ಮಾರಮ್ಮನಿಗೆ ಏನೇನು ಹರಕೆ ಹೊತ್ತೆನೋ, ಈಗ ನೆನಪಿಲ್ಲ.

ನಾಲ್ಕನೆಯ ಕಾಲನ್ನೂ ನೋಡಿ ಅವನು ಎದ್ದು ನಿಂತ. ಕೈಯಾಡಿಸಿ ಕರೆದ. ಮೊದಲು ಹೋದವನು ಮೊಳಕಾಲ್ಮೂರಿನ ಗಿರಾಕಿ. ಬಗ್ಗಿ ನಾಲ್ಕೂ ಬುಡಗಳನ್ನು ಬೆರಳಿನಿಂದ ಸವರಿದ. "ತುಕ್ಕಿನ ಚುಕ್ಕೆ ಇಲ್ಲಪ್ಪ," ಎಂದು ನಮ್ಮ ಕಡೆ ತಿರುಗಿ ದೊಡ್ಡದಾಗಿ ಹೇಳಿದ. "ನಿನ್ನೆ ನೆಟ್ಟಂಗೆ ಐತೆ." ಹೆಂಗಸರು ಕೊಡಗಳನ್ನು ಎತ್ತಿಕೊಂಡು ಮತ್ತೆ ಸಾಲು ಮಾಡಿದರು. ಸರದಿ ಯಾರದು ಮೊದಲೆಂದು ಅದಾಗಲೇ ಜಗಳ ಶುರುವಾಗಿತ್ತು, ಅದಕ್ಕೂ ನನ್ನನ್ನೇ ಬೈದರು.

ನಾಲ್ಕೈದು ದಿನಕ್ಕೆ ತಮ್ಮ ಹೊಸ ಆಂಗಲ್ಲು ತಂದು ರೊಪ್ಪದ ಚಪ್ಪರ ಮತ್ತೆ ನಿಲ್ಲಿಸಿದ. ಹಳೇ ಮಣ್ಣನ್ನೆಲ್ಲ ತೋಡಿ ದೂರ ಹಾಕಿ, ಗುಂಡಿಗೆ ಕಾಂಕ್ರೀಟು ಕಲಸಿದ. ಕರೆಯದೆಯೇ ದೊಡ್ಡಪ್ಪ ಬಂದು ನಿಂತ. ಪೂಜೆಗೆ ಹೂವಿನ ತಟ್ಟೆ ಸಿದ್ಧವಾದಾಗ ನೋಡಿದರೆ ಅವ್ವ ಅಲ್ಲಿಲ್ಲ. ತನ್ನದೇ ರೊಪ್ಪದ ಬೇಲಿಯ ಆಚೆ, ಕುರಿಗಳ ನಡುವೆ ನಿಂತಿದ್ದಳು.

"ಬಾರವ್ವ, ಹೂವ ಹಾಕು," ಎಂದ ತಮ್ಮ.

ಅವ್ವ ದೊಡ್ಡಪ್ಪನ ಕಡೆ ನೋಡಿದಳು. ನಾನು ಬಾಯಿ ತೆರೆದೆ. ಇವತ್ತು ಇವನು ಒಂದು ಮಾತಾಡಲಿ, ನೋಡಿಕೊಳ್ಳುತ್ತೇನೆ ಎಂದುಕೊಂಡೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ, ತಟ್ಟೆಯನ್ನು ತಾನೇ ಎತ್ತಿದ, ಬೇಲಿಯವರೆಗೂ ನಡೆದುಹೋಗಿ ಅವಳ ಮುಂದೆ ಹಿಡಿದ.

"ಬಾರಮ್ಮ," ಎಂದ. "ಮೊದಲು ಕೈ ತೋರ್ಸು ಮಾತ್ರ. ಉಪ್ಪೈತೋ ಏನೋ."

ಎಲ್ಲರೂ ಗೊಳ್ಳೆಂದು ನಕ್ಕರು. ಅವ್ವನೂ ನಕ್ಕಳು. ನಗುತ್ತಲೇ ಎರಡೂ ಖಾಲಿ ಅಂಗೈಗಳನ್ನು ಅವನ ಮುಂದೆ ಚಾಚಿದಳು, ಆಮೇಲೆ ಅದೇ ಕೈಗಳಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ದೊಡ್ಡಪ್ಪ ತಟ್ಟೆ ಹಿಡಿದುಕೊಂಡೇ ಕಾಯುತ್ತಾ ನಿಂತಿದ್ದ.