ಹೌಪ್ಟ್‌ಶೂಲೆಗೆ ಅಪ್ಪ ಹಾಕಿದ ಸಹಿ

ಬಾಗಿಲಿಗೆ ಪಾರ್ಸೆಲ್ ಬಂದಾಗಲೆಲ್ಲ ಹೊಸ ರಟ್ಟಿನ ವಾಸನೆಗೆ ಅಪ್ಪ ನೆನಪಾಗುತ್ತಾರೆ. ಬರ್ಮಿಂಗ್‌ಹ್ಯಾಮ್‌ನ ನಮ್ಮ ಹಳೇ ಬಾಡಿಗೆ ಮನೆಯ ಇಕ್ಕಟ್ಟಿನ ಹಜಾರದಲ್ಲಿ ಅವರ ಜಾಕೆಟ್ ತೂಗುತ್ತಿತ್ತು. ಗೋದಾಮಿನ ರಟ್ಟಿನ ವಾಸನೆಯ ಜೊತೆಗೆ ಅಮ್ಮನ ಬಂಗುಡೆ ಸಾರಿನ ಪರಿಮಳವೂ ಅದಕ್ಕೆ ಹತ್ತಿಕೊಂಡಿರುತ್ತಿತ್ತು. ಆ ಮನೆ ಈಗ ಬೇರೆ ಯಾರದೋ. ಜರ್ಮನಿಯಲ್ಲಿ ಇಂಜಿನಿಯರ್ ಆಗಿದ್ದವರು ಇಲ್ಲಿ ಬಂದು ಡಬ್ಬಿ ಹೊರುವುದೇಕೆ ಎಂದು ಟಿವಿಡೇಲ್ ದೇವಸ್ಥಾನದಲ್ಲಿ ಯಾರಾದರೂ ಕೇಳಿದರೆ ಅಪ್ಪ ಹವೆಯ ಮಾತು ತೆಗೆಯುತ್ತಿದ್ದರು. ಕಾರಣ ನಮಗೆ ಗೊತ್ತಿತ್ತು.

ಜರ್ಮನಿಯಲ್ಲಿ ನಾಲ್ಕನೇ ಕ್ಲಾಸು ಮುಗಿಯುವಾಗಲೇ ಮಕ್ಕಳನ್ನು ಮೂರು ದಾರಿಗೆ ಹಚ್ಚಿಬಿಡುತ್ತಿದ್ದರು: ಗಿಮ್ನಾಸಿಯಂ ಸೇರಿದವರು ಯೂನಿವರ್ಸಿಟಿಗೆ, ರಿಯಾಲ್‌ಶೂಲೆಯವರು ಆಫೀಸು ಕೆಲಸಕ್ಕೆ, ಹೌಪ್ಟ್‌ಶೂಲೆಯವರು ಕೈಕಸುಬಿಗೆ. ಕೈಕಸುಬೇನು ಕಡಿಮೆಯಲ್ಲ, ಆದರೆ ಆಗ ನಾಲ್ಕನೇ ಕ್ಲಾಸಿನಲ್ಲಿದ್ದ ಅಕ್ಕನಿಗೆ ಲೆಕ್ಕವೆಂದರೆ ಪ್ರಾಣ. ಜರ್ಮನ್ ಮಾತ್ರ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಟೀಚರ್ ಹೌಪ್ಟ್‌ಶೂಲೆ ಎಂದರು. ನಮ್ಮಜ್ಜ ಊರ ಶಾಲೆಯ ಮಾಸ್ತರರು. ಮಾಸ್ತರರಿಗೆ ಎದುರು ಮಾತಾಡುವ ರೂಢಿಯೇ ನಮ್ಮ ಮನೆಯಲ್ಲಿರಲಿಲ್ಲ. ಅಪ್ಪ ಎಳ್ಳುಂಡೆ ಕೊಟ್ಟು, ಕೈಮುಗಿದು, ಸಹಿ ಹಾಕಿ ಬಂದರು. ಒಪ್ಪಿಗೆಯಿಲ್ಲದಿದ್ದರೆ ಬೇರೆ ಶಾಲೆ ಕೇಳಬಹುದಿತ್ತು ಎಂದು ಪಕ್ಕದ ಮನೆಯವರು ಹೇಳುವ ಹೊತ್ತಿಗೆ ಅಕ್ಕ ಅಲ್ಲಿಗೆ ಹೋಗಲು ಶುರುಮಾಡಿಯಾಗಿತ್ತು. ಅವಳು ಅಳಲಿಲ್ಲ, ಲೆಕ್ಕದ ಪುಸ್ತಕ ಮುಟ್ಟುವುದನ್ನೇ ಬಿಟ್ಟಳು. ಅಪ್ಪನಿಗೆ ಅದು ತಡೆಯಲಾಗಲಿಲ್ಲ. ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಕಲಿಸುವ ಶಾಲೆ ಇಲ್ಲಿದೆ ಎಂದು ತಿಳಿದು, ವರ್ಷದೊಳಗೆ ಸಂಸಾರ ಕಟ್ಟಿಕೊಂಡು ಬಂದೇಬಿಟ್ಟರು. ಸಿಕ್ಕಿದ್ದು ಗೋದಾಮಿನ ಕೆಲಸ.

ಅಕ್ಕ ಈಗ ಲೀಡ್ಸ್‌ನಲ್ಲಿ ಲೆಕ್ಕದ ಟೀಚರ್. ಅಪ್ಪ ಗೆದ್ದರು, ಇದನ್ನು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಅವರಿಗೆ ಮಾತ್ರ ಹಾಗನಿಸಲೇ ಇಲ್ಲ. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅಕ್ಕನ ಕೈ ಹಿಡಿದು, "ಅವತ್ತು ಟೀಚರ್ ಹತ್ರ ಯಾಕೆ ಅಂತ ಒಂದು ಮಾತು ಕೇಳ್ಬೇಕಿತ್ತು ಮಗಾ," ಎಂದರು. ಅಕ್ಕ ಅವರ ಹೊದಿಕೆ ಸರಿಮಾಡಿದಳು. ನೀವು ಗೆದ್ದಿರಿ ಅಪ್ಪ ಎಂದು ನಾನಾದರೂ ಆಗಲೇ ಹೇಳಬಾರದಿತ್ತೇ ಎಂದು ನನಗೆ ಇವತ್ತಿಗೂ ಸಂಕಟ.

ಮೊನ್ನೆ ಅವಳ ಶಾಲೆಗೆ ನಮ್ಮ ಕಡೆಯ ತಂದೆಯೊಬ್ಬರು ಬಂದಿದ್ದರಂತೆ. ಮಗಳನ್ನು ಲೆಕ್ಕದಲ್ಲಿ ಕೆಳಗಿನ ಗುಂಪಿಗೆ ಹಾಕುವುದಾಗಿ ಅಕ್ಕ ಹೇಳಿದರೆ, ನೀವು ಹೇಳಿದ ಹಾಗೆ ಎಂದು ಕೈಮುಗಿದು ಎದ್ದೇಬಿಟ್ಟರಂತೆ. ಅಕ್ಕ ಕುರ್ಚಿಯನ್ನು ಮತ್ತೆ ಅವರತ್ತ ಸರಿಸಿದಳು.

"ಕೂತ್ಕೊಳ್ಳಿ. ಯಾಕೆ ಅಂತ ಕೇಳಿ ನನ್ನನ್ನ. ನಮ್ಮಪ್ಪ ಕೇಳಿರ್ಲಿಲ್ಲ."