ನೂರಕ್ಕೆ ನೂರು ಗಾಳಿ

ಅಂಕಿ ನೋಡಿ ಹೆದರುವುದನ್ನು ಹುಲಿಗವ್ವ ಕಲಿತದ್ದು ಗಂಡನ ಬೆರಳಿನಿಂದ.

ಆನೆಗೊಂದಿಯಲ್ಲಿ ಬಾಳೆನಾರು ಹೊಸೆದು ಬುಟ್ಟಿ, ಚಾಪೆ ಹೆಣೆಯುವ ಹೆಂಗಸು ಅವಳು. ಶಾಲೆ ಮೂರನೇ ತರಗತಿಗೇ ಮುಗಿದಿತ್ತು. ಕೊರೊನಾ ವರ್ಷ ಆಶಾ ಕಾರ್ಯಕರ್ತೆ ಬಂದು ಗಂಡ ಹುಸೇನಪ್ಪನ ಬೆರಳಿಗೆ ಒಂದು ಕ್ಲಿಪ್ಪು ಸಿಗಿಸಿ, "ತೊಂಬತ್ತೈದರ ಮ್ಯಾಲೆ ಇದ್ರ ಛಲೋ. ಇಳದ್ರ ದವಾಖಾನಿಗೆ ಓಡ್ರಿ" ಎಂದಿದ್ದಳು. ತೊಂಬತ್ತೆರಡಾಯಿತು. ಓಡಿದರು. ಅಲ್ಲಿ ಗೋಡೆಯ ಮೇಲೆ ಒಂದು ಗಾಜಿನ ನಳಿಕೆ, ಅದರೊಳಗೆ ಸಣ್ಣ ಗುಂಡು. ಆಕ್ಸಿಜನ್ ಗಾಳಿ ಬರುವಾಗ ಗುಂಡು ಮೇಲೆ ತೇಲುತ್ತಿತ್ತು. ಮೂರನೇ ದಿನ ಮಧ್ಯಾಹ್ನ ಅದು ತಳಕ್ಕೆ ಕೂತಿತು. ಮತ್ತೆ ಏಳಲಿಲ್ಲ. ಹುಸೇನಪ್ಪನೂ ಏಳಲಿಲ್ಲ.

ಈಗ ಅಂಥದೇ ಗುಂಡು ಅವಳ ಎದುರಿಗಿತ್ತು. ಗಂಗಾವತಿಯ ಒಂದು ದವಾಖಾನೆ, ಹಸುಗೂಸುಗಳ ಕೋಣೆ. ಮಗಳು ಸುರೇಖಾ ಏಳು ತಿಂಗಳಿಗೇ ಹಡೆದಿದ್ದಳು. ಹೊಟ್ಟೆ ಕೊಯ್ದು ತೆಗೆದಿದ್ದರು. ಕೆಳಗಿನ ವಾರ್ಡಿನಲ್ಲಿ ಮಲಗಿದ್ದ ಅವಳಿಗೆ ಇನ್ನೂ ಏಳಲು ಆಗುತ್ತಿರಲಿಲ್ಲ. ಹಾಗಾಗಿ ಕೂಸನ್ನು ಎದೆಗೆ ಕಟ್ಟಿಕೊಂಡು ಬೆಚ್ಚಗಿಡುವ ಕೆಲಸ ಅಜ್ಜಿಗೆ ಬಂತು. ಹೆಣ್ಣು ಕೂಸು. ಮೂಗಿಗೆ ಸಣ್ಣ ನಳಿಕೆ, ಪಾದಕ್ಕೆ ಕೆಂಪು ದೀಪದ ಪಟ್ಟಿ, ಅದರ ಅಂಕಿ ಪಕ್ಕದ ಮಷೀನಿನ ಪರದೆಯ ಮೇಲೆ.

ನರ್ಸ್ ಸುನಿತಾ ಬಂದು ಗೋಡೆಯ ನಳಿಕೆಯ ತಿರುಪು ತಿರುವಿದಳು. ಗುಂಡು ಇಳಿಯಿತು.

"ಯಾಕವಾ, ಗಾಳಿ ಯಾಕ ಇಳಿಸಿದಿ?"

"ಡಾಕ್ಟರು ಹೇಳ್ಯಾರ, ಅಜ್ಜಿ. ಕೂಸಿಗೆ ಇಷ್ಟ ಸಾಕು. ನೀ ಆ ಮಷೀನ ಧಾರಾವಾಹಿ ನೋಡಿದಂಗ ನೋಡಬ್ಯಾಡ. ಕೂಸಿನ ಮಾರಿ ನೋಡು."

ಸುನಿತಾ ಬೇರೆ ಕೂಸಿನ ಕಡೆ ಹೋದಳು. ಪರದೆಯ ಮೇಲೆ ತೊಂಬತ್ತೈದು ಇದ್ದದ್ದು ತೊಂಬತ್ತೆರಡಾಯಿತು.

ಹುಲಿಗವ್ವ ಮತ್ತೊಮ್ಮೆ ಓದಿದಳು. ತೊಂಬತ್ತೆರಡು. ಹುಸೇನಪ್ಪನ ಅಂಕಿ. ಕೈ ತಾನಾಗಿ ಎದ್ದು ತಿರುಪು ಹಿಡಿಯಿತು. ಗುಂಡು ಮೇಲೆ ಬಂತು. ತೊಂಬತ್ತಾರು, ತೊಂಬತ್ತೆಂಟು, ನೂರು. ನೂರಕ್ಕೆ ನೂರು. ಅವಳ ಜೀವ ಜಾಗಕ್ಕೆ ಬಂತು. ಮಷೀನು ಟಿಣ್ ಟಿಣ್ ಎಂದಿತು. ಆ ಕೋಣೆಯಲ್ಲಿ ಯಾವುದಾದರೊಂದು ಮಷೀನು ಕೂಗುತ್ತಲೇ ಇರುತ್ತಿತ್ತು. ಅವಳು ಕಿವಿಗೊಡಲಿಲ್ಲ.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದವರೇ ಗುಂಡು ನೋಡಿ ಇಳಿಸಿದರು.

"ಸುನಿತಾ, ಇಳಿಸು ಅಂದ್ರ ಏರಿಸಿ ಇಟ್ಟೀಯಲ್ಲ?"

"ಇಳಿಸಿದ್ದೆ, ಮೇಡಂ."

"ಮತ್ತ ತಾನ ಏರಿತೇನು?"

ಸುನಿತಾಳ ಮುಖ ಸಣ್ಣದಾಯಿತು. ಹುಲಿಗವ್ವ ಕೂಸನ್ನು ಬಿಗಿಯಾಗಿ ಹಿಡಿದಳು. ಸುಮ್ಮನಿದ್ದರೆ ಆ ಹುಡುಗಿಯ ತಲೆಗೆ ಬರುತ್ತದೆ. ಹೇಳಿದರೆ ತನ್ನನ್ನು ಹೊರಗೆ ಹಾಕುತ್ತಾರೆ, ಕೂಸು ಯಾರ ಎದೆಯ ಮೇಲೆ ಇರಬೇಕು?

"ನಾ ಏರಿಸೀನ್ರಿ" ಎಂದಳು. "ನೂರು ಇದ್ರ ಛಲೋ ಅಲ್ಲೇನ್ರಿ?"

ಡಾಕ್ಟರಮ್ಮ ಸ್ಟೂಲು ಎಳೆದು ಕೂತರು.

"ಇದು ಇನ್ನಾ ಹೊಟ್ಟ್ಯಾಗ ಇರಬೇಕಾದ ಕೂಸು, ಅಜ್ಜಿ. ಹೊಟ್ಟ್ಯಾಗ ಗಾಳಿ ಕಡಿಮಿ. ಅದಕ್ಕ ಅಷ್ಟ ರೂಢಿ. ಕರೆಂಟ್ ವೈರಿನ ಮ್ಯಾಲೆ ಹೊದಿಕಿ ಇರ್ತೈತಲ್ಲ, ಮಿದುಳಿನ ನರಕ್ಕೂ ಹಂಗ ಒಂದು ಹೊದಿಕಿ ಬೇಕು. ಅದನ್ನ ಸುತ್ತೋ ಜೀವಕಣ ಈಗ ಇನ್ನಾ ಎಳೇವು ಅದಾವ. ಗಾಳಿ ತೀರಾ ಕಡಿಮಿ ಆದ್ರ ಅವು ಬೆಳಿಯಾಂಗಿಲ್ಲ. ಹೆಚ್ಚಾದ್ರ ಸಾಯ್ತಾವ. ಮುಂದ ಕೈಕಾಲು ಸೆಟಕೊಳ್ಳಬಹುದು, ನಡಿಗಿ ತಡ ಆಗಬಹುದು."

ಹಸಿ ನಾರಿಗೆ ಬಿಸಿಲು ಸಾಲದಿದ್ದರೆ ಬೂಸ್ಟು ಹಿಡಿಯುತ್ತದೆ. ಜಾಸ್ತಿಯಾದರೆ ಚಟ್ಟನೆ ಮುರಿಯುತ್ತದೆ. ಇಪ್ಪತ್ತು ವರ್ಷ ಕೈಯಾರೆ ಒಣಗಿಸಿದವಳು ಹುಲಿಗವ್ವ. ತಿಳಿಯಿತು. ತಿಳಿದದ್ದಕ್ಕೇ ತಿರುಪು ತಿರುವಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಎಷ್ಟ ಹೊತ್ತು ಏರಿಸಿದ್ರಿ?"

"ಒಂದು ಎಲಿ ಅಡಕಿ ಹಾಕ್ಕೊಂಡು ಉಗಳೂವಷ್ಟು ಹೊತ್ರಿ."

"ಹತ್ತು ನಿಮಿಷ ಇರಬೇಕು, ಮೇಡಂ" ಎಂದಳು ಸುನಿತಾ.

"ಅಷ್ಟಕ್ಕ ಏನೂ ಆಗಿರಲಿಕ್ಕಿಲ್ಲ."

"ಇರಲಿಕ್ಕಿಲ್ಲ ಅಂದ್ರ?"

"ಖಾತ್ರಿ ಹೇಳಾಕ ಬರಂಗಿಲ್ಲ, ಅಜ್ಜಿ. ಕೂಸು ಕೂಡೂದು, ನಿಲ್ಲೂದು ನೋಡಬೇಕು. ಇನ್ನ ತಿರುಪು ಮುಟ್ಟಬ್ಯಾಡ್ರಿ. ತೊಂಬತ್ತರ ಕೆಳಗ ಹೋದ್ರ ಸುನಿತಾನ್ನ ಕರೀರಿ."

ಡಾಕ್ಟರಮ್ಮ ಹೋದ ಮೇಲೆ ಸುನಿತಾ ಹತ್ತಿರ ಬಂದಳು. "ನನ್ನ ಉಳಿಸಿದಿ, ಅಜ್ಜಿ. ಆದ್ರ ಇನ್ನೊಮ್ಮೆ ಮುಟ್ಟಿದ್ರ ಕೈ ಕಟ್ಟಿ ಹಾಕತೀನಿ ನೋಡು."

"ಈಗ ಕಟ್ಟವಾ."

ಸುನಿತಾ ನಕ್ಕಳು. ಹುಲಿಗವ್ವ ನಗಲಿಲ್ಲ. ಎರಡೂ ಕೈಯನ್ನು ಕೂಸಿನ ಬೆನ್ನಿಗೆ, ಬಟ್ಟೆಯೊಳಗೆ ಇಟ್ಟು ಕಾದಳು. ಸುನಿತಾ ಬಟ್ಟೆಯ ಮೇಲೊಂದು ಗಂಟು ಬಿಗಿದಳು.

ತೊಂಬತ್ತೆರಡು. ತೊಂಬತ್ತೊಂದು. ಬಟ್ಟೆಯೊಳಗೆ ಬೆರಳು ಮಿಸುಕಿದವು. ಕೈ ಮೇಲೇಳಲಿಲ್ಲ. ಕೂಸು ಎಡಗಾಲು ಒದೆಯಿತು. ಬಲಗಾಲು ಯಾವಾಗ ಒದೆಯುತ್ತದೋ ಎಂದು ಉಸಿರು ಹಿಡಿದು ಕೂತಳು.