ಪೂಜೆಗೆ ಕೂತ ಬ್ಯಾಟು, ಬಾಗಿಲಾಚೆಯ ಬೂಟು

ಆಯುಧಪೂಜೆಗೆ ಸಮುದ್ರದಾಚೆಯ ಈ ಊರಿನ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಏನೇನು ಕೂರುತ್ತದೆ ಕೇಳಿ: ನನ್ನ ಸ್ಟೆತೊಸ್ಕೋಪು, ನನ್ನ ಯಜಮಾನರ ಲ್ಯಾಪ್‌ಟಾಪು, ಈಳಿಗೆಮಣೆ, ಮಿಕ್ಸಿ, ನಡುವೆ ಮದುಮಗನ ಗತ್ತಿನಲ್ಲಿ ಮಗಳ ಕ್ರಿಕೆಟ್ ಬ್ಯಾಟು. ಅದಕ್ಕೆ ಕುಂಕುಮ ಹಚ್ಚುವಾಗ ಇವರ ಮುಖ ನೋಡಬೇಕು. ನನಗೆ ತಾಳಿ ಕಟ್ಟುವಾಗಲೂ ಅಷ್ಟು ಭಕ್ತಿ ಇರಲಿಲ್ಲ, ಬಿಡಿ.

ಹದಿನಾರರ ಅನಘಾಳಿಗೆ ಕೈಯೂ ಪಳಗಿದೆ, ಕಾಲೂ ಪಳಗಿದೆ. ಕ್ರಿಕೆಟ್, ಇವರು ಮೈಸೂರಿನಿಂದ ಹೊತ್ತು ತಂದು ಪಾರ್ಕಿಂಗಿನಲ್ಲಿ ಕಲಿಸಿದ್ದು. ಫುಟ್‌ಬಾಲ್, ಈ ಊರಿನ ಗೆಳತಿಯರ ಜೊತೆ ತಾನಾಗಿ ಕಲಿತದ್ದು. ಈ ಸಲ ಎರಡೂ ಆಟಗಳ ತಂಡದ ಆಯ್ಕೆ ಹಬ್ಬದ ದಿನ ಮಧ್ಯಾಹ್ನವೇ ಬಿತ್ತು. ಯಾವುದಕ್ಕೆ ಹೋಗುತ್ತಾಳೋ ಅದೇ ಇನ್ನು ಮುಂದೆ ಅವಳ ಆಟ. ಅದು ಕ್ರಿಕೆಟ್ಟೇ ಎಂಬುದರಲ್ಲಿ ಇವರಿಗೆ ಸಂಶಯವೇ ಇರಲಿಲ್ಲ.

ಪೂಜೆಗೆ ಮುಂಚೆ ಅವಳು ಫುಟ್‌ಬಾಲ್ ಬೂಟು ತಂದು ಬ್ಯಾಟಿನ ಪಕ್ಕ ಇಡಹೊರಟಳು.

“ದೇವರ ಮುಂದೆ ಬೂಟು ಇಡ್ತಾರೇನೇ? ಆಚೆ ಇಡು!” ಎಂದು ಇವರು ಗದರಿದರು. ವೆಸ್ಟ್‌ಲ್ಯಾಂಡ್ಸಿನ ಬೀದಿಯ ಕೊಳೆಯನ್ನೆಲ್ಲ ತುಳಿದು ಬರುವ ಕಾರಿನ ಚಕ್ರಕ್ಕೆ ಹೂವು, ನಿಂಬೆಹಣ್ಣು. ಬೂಟಿಗೆ ಮಾತ್ರ ಮಡಿಯೇ? ಕೇಳೋಣವೆಂದುಕೊಂಡೆ, ಅಷ್ಟರಲ್ಲಿ ಮಂಗಳಾರತಿ ಶುರುವಾಯಿತು. ಅವಳು ಬೂಟನ್ನು ಬಾಗಿಲಾಚೆ ಬಿಟ್ಟುಬಂದಳು.

ಊಟವಾದ ಮೇಲೆ ಇವರು ಹುರುಪಿನಿಂದ ಬ್ಯಾಟಿಗೆ ಕೈಹಾಕಿದರು. “ಹೊರಡೋಣ್ವಾ ಪುಟ್ಟಿ?”

“ಅಪ್ಪಾ, ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಬಾರ್ದು. ಯುವರ್ ರೂಲ್.”

ವರ್ಷವರ್ಷವೂ ಸಾರುತ್ತಿದ್ದ ಶಾಸ್ತ್ರವನ್ನು ಈ ಮಹಾನುಭಾವರೇ ಮರೆತಿದ್ದರು! ನನಗೆ ನಗು ತಡೆಯಲಾಗಲಿಲ್ಲ.

“ಇದೊಂದ್ಸಲ ಪರ್ವಾಗಿಲ್ಲ, ದೇವರಿಗೆ ತಪ್ಪು ಕಾಣಿಕೆ ಹಾಕಿದ್ರಾಯ್ತು,” ಎಂದರು.

“ನೋ ಅಪ್ಪಾ, ಪೂಜೆಗೋಸ್ಕರ ಅಲ್ಲ. ಐ ವಾಂಟ್ ಫುಟ್‌ಬಾಲ್.”

ಇವರು ಪೆಚ್ಚಾಗಿ ಕೂತರು. ಎಷ್ಟು ಮುಂಜಾನೆ ಎದ್ದು ಚೆಂಡೆಸೆದ ಮನುಷ್ಯ! ಆದರೆ ನೀವೇ ಯೋಚಿಸಿ: ಊರು ಬಿಟ್ಟು ಸಮುದ್ರ ದಾಟುವಾಗ ನಾವು ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಮಕ್ಕಳು ನಾವು ಕಲಿಸಿದ ಒಂದು ಆಟ ಬಿಟ್ಟರೆ ಮಾತ್ರ ಎದೆ ಹಿಡಿದುಕೊಳ್ಳುತ್ತೇವೆ. ಬೇರೆ ಮಣ್ಣಿನಲ್ಲಿ ಬೆಳೆಸಿದ ಮೇಲೆ ಆ ಮಣ್ಣಿಗೂ ಅವರಲ್ಲಿ ಒಂದು ಪಾಲು ಇದ್ದೇ ಇರುತ್ತದಲ್ಲವೇ?

ಸ್ವಲ್ಪ ಹೊತ್ತಿನ ಮೇಲೆ ಇವರು ಎದ್ದು, ಬಾಗಿಲಾಚೆಯ ಬೂಟನ್ನು ತಾವೇ ಎತ್ತಿಕೊಂಡರು. ಕಾರಿಗೂ ಪೂಜೆಯಾಗಿತ್ತಲ್ಲ, ಮೂವರೂ ಇಲ್ಲಿನ ಬಾಡಿಗೆ ವ್ಯಾನು ಮಟಾಟು ಹತ್ತಿದೆವು.

ಮೈದಾನದಲ್ಲಿ ಅನಘಾ ಇಬ್ಬರನ್ನು ದಾಟಿ ಚೆಂಡು ಒಯ್ದಳು. ಸುತ್ತಲಿದ್ದವರು ಕೂಗಿದರು. ಇವರು ಮೆಲ್ಲಗೆ ನನ್ನ ಕಡೆ ಬಾಗಿದರು: “ಈಗ ಚಪ್ಪಾಳೆ ಹೊಡೀಬೇಕೇನೇ?”

“ಹೊಡೀರಿ,” ಎಂದೆ.

ಕಣ್ಣು ತುಂಬಿತ್ತು, ಆದರೂ ಎಲ್ಲರಿಗಿಂತ ಜೋರಾಗಿ ಹೊಡೆದರು.